ಎದುರು ಪಕ್ಷದವರು ಎಲ್ಲಿ?

ಮೊನ್ನೆ ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ಕುಳಿತಿದ್ದಾಗ ನಮ್ಮ ಅತ್ತೆ ಕೇಳಿದ ಪ್ರಶ್ನೆ ಇದು. ನನ್ನ ಮೊಬೈಲಿನಲ್ಲಿ ನಗೆಹಾಡುಗಳ ಬ್ರಿಟಿಷ್ ಜೋಡಿ ಫ್ಲಾಂಡರ್ಸ್ ಮತ್ತು ಸ್ವಾನ್ ಹಾಡುತ್ತಿದ್ದರು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಆಳಂದ ತಾಲ್ಲೂಕಿನ ಹಳ್ಳಿಯಲ್ಲಿ ಬೆಳಗಾಗುವ ತನಕ ಹರದೇಶಿ–ನಾಗೇಶಿ ಪದ ಕೇಳುತ್ತ ಬೆಳೆದವರು. ಒಂದು ಮೇಳ ಗಂಡು ಹೆಚ್ಚು ಎಂದು ಹಾಡಿದರೆ ಇನ್ನೊಂದು ಹೆಣ್ಣು ಹೆಚ್ಚು ಎಂದು ಸವಾಲು ಹಾಕಬೇಕು, ಕೇಳುವವರು ಯಾರದಾದರೂ ಪಕ್ಷ ಹಿಡಿಯಬೇಕು. ಇಲ್ಲಿ ಇಬ್ಬರು ಗಂಡಸರು ಹಾಡುತ್ತಾರೆ, ಜನ ನಗುತ್ತಾರೆ, ಉತ್ತರ ಕೊಡುವವರೇ ಇಲ್ಲ. ಅತ್ತೆಗೆ ಅದು ಅರ್ಧಕ್ಕೆ ನಿಂತ ಪದ.

ಕಲಬುರಗಿಯ ಕಾಲೇಜುಗಳಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ನನಗೆ ಈ ಜೋಡಿಯ ಹುಚ್ಚು ಹಿಡಿದು ಬಹಳ ಕಾಲವಾಯಿತು. ಸಾಹಿತ್ಯ ಮೈಕೆಲ್ ಫ್ಲಾಂಡರ್ಸ್ ಅವರದು; 1943ರಲ್ಲಿ ಪೋಲಿಯೊ ತಗುಲಿದ ಮೇಲೆ ಗಾಲಿಕುರ್ಚಿಯಲ್ಲಿ ಕುಳಿತೇ ರಂಗಕ್ಕೆ ಬರುತ್ತಿದ್ದರು. ರಾಗ ಮತ್ತು ಪಿಯಾನೊ ಡೊನಾಲ್ಡ್ ಸ್ವಾನ್ ಅವರದು. 1956ರ ಡಿಸೆಂಬರ್ 31ರಂದು ಲಂಡನ್ನಿನ ಒಂದು ಪುಟ್ಟ ರಂಗಮಂದಿರದಲ್ಲಿ ಇಬ್ಬರೇ ಶುರುಮಾಡಿದ ಕಾರ್ಯಕ್ರಮ ಮುಂದಿನ ತಿಂಗಳೇ ದೊಡ್ಡ ರಂಗಮಂದಿರಕ್ಕೆ ಹೋಯಿತು. ಮುಂದೆ ಬೀಟಲ್ಸ್ ಹಾಡುಗಳನ್ನು ರೂಪಿಸಿದ ಜಾರ್ಜ್ ಮಾರ್ಟಿನ್ ಅದನ್ನು ಪ್ರೇಕ್ಷಕರ ಎದುರಿನಲ್ಲಿಯೇ ಧ್ವನಿಮುದ್ರಿಸಿದರು. ಹಾಗಾಗಿ ಆ ಜನರ ನಗು ಇಂದಿಗೂ ಹಾಡಿನೊಳಗೆ ಇದೆ. ಅದನ್ನು ಕೇಳುತ್ತ ಕೇಳುತ್ತಲೇ ನನಗೆ ತಿಳಿಯುವ ಆಸೆ ಹುಟ್ಟಿತು: ಇದನ್ನು ಕೇಳಿಸಿದರೆ ನಮ್ಮ ಊರಿನವರು ಎಲ್ಲೆಲ್ಲಿ ನಗುತ್ತಾರೆ?

ಏಪ್ರಿಲ್‌ನಲ್ಲಿ ಕೂಲರ್ ಕೆಟ್ಟಿತು. ಅದು ಕೆಟ್ಟರೆ ಈ ಊರಿನಲ್ಲಿ ಮಧ್ಯಾಹ್ನ ಕಳೆಯುವುದು ಎಂಥ ಕಷ್ಟವೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಎಲೆಕ್ಟ್ರಿಷಿಯನ್ ಮೋಟಾರು ಬಿಚ್ಚಿ ಕುಳಿತಿದ್ದಾಗ ಈ ಜೋಡಿಯ ಗ್ಯಾಸಿನವನ ಹಾಡು ಹಾಕಿ, ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದೆ. ಸೋಮವಾರ ಗ್ಯಾಸಿನವನು ಬಂದು, ಕೊಳವೆ ಹುಡುಕಲು ಗೋಡೆಯ ಬುಡದ ಹಲಗೆಗಳನ್ನೆಲ್ಲ ಕಿತ್ತು ಹಾಕುತ್ತಾನೆ. ಅದನ್ನು ಕೂಡಿಸಲು ಮಂಗಳವಾರ ಬಂದ ಬಡಗಿ ತಂತಿಗೇ ಮೊಳೆ ಹೊಡೆದು ದೀಪ ಆರಿಸುತ್ತಾನೆ. ಬುಧವಾರದ ಎಲೆಕ್ಟ್ರಿಷಿಯನ್ ಕಸದ ಡಬ್ಬಿಯ ಮೇಲೆ ನಿಂತು ಕಿಟಕಿಯ ಗಾಜಿಗೆ ಕಾಲು ತೂರಿಸುತ್ತಾನೆ. ಗುರುವಾರ ಗಾಜಿನವನು. ಶುಕ್ರವಾರದ ಬಣ್ಣದವನು ಗ್ಯಾಸಿನ ನಲ್ಲಿಗೂ ಬಣ್ಣ ಬಳಿದು ಹೋಗುತ್ತಾನೆ, ಅದು ತಿರುಗುವುದಿಲ್ಲ. ಸೋಮವಾರ ಮತ್ತೆ ಗ್ಯಾಸಿನವನೇ ಬರಬೇಕು.

ಬಡಗಿಯ ಮೊಳೆಗೆ ನಮ್ಮ ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರ್ ಕೆಳಗಿಟ್ಟು ನಕ್ಕರು. ಬಡಗಿಗಳು ಹಾಗೆಯೇ ಮಾಡುತ್ತಾರೆ ಎಂದರು. ಬುಧವಾರ ಬಂದಾಗ ನಗು ನಿಂತಿತು. “ಮನೆಯವರು ಒಂದು ಏಣಿ ಕೊಡಬೇಕಾಗಿತ್ತು” ಎಂದು ಗಂಭೀರವಾಗಿ ಹೇಳಿದರು. ಅವರು ಹೇಳಿದ್ದು ನಿಜ. ಇಷ್ಟು ವರ್ಷ ಆ ಹಾಡನ್ನು ಮನೆಯ ಯಜಮಾನನ ಬಾಯಿಂದಲೇ ಕೇಳಿದ್ದೆ. ಡಬ್ಬಿಯ ಮೇಲೆ ನಿಲ್ಲಬೇಕಾದವನ ಕಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂದು ನಾನೇ ಎದ್ದು ಹೋಗಿ ಪಕ್ಕದ ಮನೆಯಿಂದ ಏಣಿ ತಂದೆ.

ಬಿಸಿ ವಸ್ತುವಿನಿಂದಲೇ ತಣ್ಣನೆಯ ವಸ್ತುವಿಗೆ ಶಾಖ ಹರಿಯುತ್ತದೆ, ತಾನಾಗಿ ಹಿಂದಕ್ಕೆ ಬರುವುದಿಲ್ಲ ಎಂಬ ಉಷ್ಣಬಲ ವಿಜ್ಞಾನದ ನಿಯಮವನ್ನೂ ಫ್ಲಾಂಡರ್ಸ್ ಮತ್ತು ಸ್ವಾನ್ ಹಾಡಾಗಿಸಿದ್ದಾರೆ. ತರಗತಿಯಲ್ಲಿ ಪ್ರತಿ ವರ್ಷ ಕೇಳಿಸುತ್ತಿದ್ದೆ. ಹುಡುಗಿಯರು ನಗುತ್ತಿದ್ದರು, ಆಮೇಲೆ ನಿಯಮವನ್ನು ಮರೆಯುತ್ತಿರಲಿಲ್ಲ.

ನಗಿಸದ ಹಾಡೂ ಒಂದಿದೆ. ಬ್ರಿಟನ್ನಿನಲ್ಲಿ ನಷ್ಟದ ರೈಲು ಮಾರ್ಗಗಳನ್ನು ಮುಚ್ಚಬೇಕೆಂದು 1963ರಲ್ಲಿ ಬೀಚಿಂಗ್ ವರದಿ ಬಂತು. ಮುಚ್ಚಬೇಕೆಂದು ಅದು ಹೇಳಿದ ನಿಲ್ದಾಣಗಳು 2,363. ಅದಾದ ಮೇಲೆ ಇವರು ಬರೆದ ಹಾಡಿನಲ್ಲಿ ಹೆಚ್ಚೇನೂ ಇಲ್ಲ, ಊರುಗಳ ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ. ನಗಲೆಂದು ಬಂದ ಜನರ ಮುಂದೆ ಇದನ್ನು ಹಾಡುವ ಧೈರ್ಯ ಅವರಿಗಿತ್ತು. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಪಕ್ಕದ ಮನೆಯ ಹಿರಿಯರಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಹಾಡು ಮುಗಿದು ಸ್ವಲ್ಪ ಹೊತ್ತಾದ ಮೇಲೆ, ತಾವೇ ಮೆಲ್ಲಗೆ, “ತಾಜಸುಲ್ತಾನಪುರ, ಕಮಲಾಪುರ, ಹುಮನಾಬಾದ್” ಎಂದರು. ಈ ನಿಲ್ದಾಣಗಳಿರುವ 110 ಕಿಲೋಮೀಟರಿನ ಕಲಬುರಗಿ–ಬೀದರ್ ರೈಲು ಮಾರ್ಗಕ್ಕಾಗಿ ಈ ಭಾಗದವರು ಎಷ್ಟು ವರ್ಷ ಕಾದರು! 2017ರ ಅಕ್ಟೋಬರ್‌ನಲ್ಲಿ ಅದು ಉದ್ಘಾಟನೆಯಾಯಿತು. ಅಲ್ಲಿ ಕಳೆದುಕೊಂಡವರ ಪಟ್ಟಿ, ಇಲ್ಲಿ ಪಡೆದವರ ಪಟ್ಟಿ. ಅವರು ಹೆಸರು ಹೇಳಿದ ಧಾಟಿ ಮಾತ್ರ ಫ್ಲಾಂಡರ್ಸ್ ಅವರದೇ ಆಗಿತ್ತು. ನನಗೆ ಗಂಟಲು ಕಟ್ಟಿತು.

ಅತ್ತೆಯ ಪ್ರಶ್ನೆಗೆ ಮೊನ್ನೆ ರಾತ್ರಿ ನನ್ನಲ್ಲಿ ಉತ್ತರವಿರಲಿಲ್ಲ. ಸುಮ್ಮನೆ ಕೆಸರಿನಲ್ಲಿ ಹೊರಳುವ ನೀರಾನೆಯ ಹಾಡು ಹಾಕಿದೆ. ಅದರ ಪಲ್ಲವಿಯನ್ನು ಹಾಡಲು ಫ್ಲಾಂಡರ್ಸ್ ಪ್ರೇಕ್ಷಕರನ್ನು ಕರೆಯುತ್ತಾರೆ, ಇಡೀ ಸಭೆ ದನಿಗೂಡಿಸುತ್ತದೆ. ಅತ್ತೆ ತಲೆ ಎತ್ತಿದರು. ಆ ದನಿ ಎಲ್ಲಿಂದ ಬಂತು ಎಂದು ಕೇಳಿದರು. ಕುಳಿತವರದು, ಎಂದೆ.

“ಅಗೋ, ಬಂದರು” ಎಂದರು ಅತ್ತೆ. ಮತ್ತೊಮ್ಮೆ ಪಲ್ಲವಿ ಬಂದಾಗ, ಅರ್ಥ ಗೊತ್ತಿಲ್ಲದಿದ್ದರೂ, ಗೀಗೀ ಮೇಳದ ಹಿಮ್ಮೇಳದವರಂತೆ ಕಿವಿಗೆ ಕೈ ಹಚ್ಚಿ “ಗೀಯ ಗಾ ಗೀಯ” ಎಂದು ಸೇರಿಕೊಂಡರು. ಪಕ್ಕದ ಮಾಳಿಗೆಯಲ್ಲಿ ಮಲಗಿದ್ದ ಮಕ್ಕಳು ಎದ್ದು ಕುಳಿತರು.