ಮನೆಯೊಳಗಿನ ಹತ್ತು ಮೀಟರ್: ಲಾಕ್‌ಡೌನ್ ರೇಂಜ್ ಎಲ್ಲಿಗೆ ಬಂತು

ಬೆಳಗಾವಿ, ಜೂನ್ 2021

ಹೋದ ಸಲ ನಮ್ಮ ಮನೆಯೊಳಗೆ ಮಾಡಿಕೊಂಡ ಹತ್ತು ಮೀಟರ್ ಏರ್ ರೈಫಲ್ ರೇಂಜ್‌ನ (ಗುರಿ ಹೊಡೆಯೋ ಜಾಗದ) ಫೋಟೊ ಹಾಕಿದ ಮೇಲೆ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ. ಮನೆಯಲ್ಲಿ ರೇಂಜ್ ಮಾಡಿಕೊಳ್ಳೋದು ಸರಿಯಾ, ಲೈಸೆನ್ಸ್ ಬೇಡ್ವಾ? ಮೊದಲು ಅದನ್ನೇ ಹೇಳಿಬಿಡ್ತೀನಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಇಂಚು ಅಂದರೆ 4.5 ಮಿ.ಮೀ. ಬೋರಿನ (ನಳಿಗೆಯ ಒಳಅಗಲದ), 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯಲ್ಲಿ ಬಳಸೋ ಮ್ಯಾಚ್ ರೈಫಲ್‌ಗಳ ಶಕ್ತಿ ಏಳೂವರೆ ಜೂಲ್ ಆಸುಪಾಸು ಇರುತ್ತೆ. ಹಾಗಂತ ಎಲ್ಲಿ ಬೇಕಾದರೂ ನಿಂತು ಹೊಡೆಯಬಹುದು ಅಂತಲ್ಲ. ಮಾಳಿಗೆ ಮೇಲೆ ನಿಂತು ಪಕ್ಕದ ಮನೆ ಕಡೆ ನಳಿಗೆ ತಿರುಗಿಸಿ ಹೊಡೆಯೋರಿಗೆ ನಾನು ಏನೂ ಹೇಳಿಕೊಡಲ್ಲ. ನಾಲ್ಕು ಗೋಡೆ, ಎರಡು ಕಡೆ ಚಿಲಕ, ಹಿಂದೆ ಗಟ್ಟಿ ಟ್ರ್ಯಾಪ್ (ಹೊಡೆದ ಗುಂಡು ಹಿಡಿಯೋ ಡಬ್ಬ). ಇಷ್ಟು ಇದ್ದರೆ ಮಾತ್ರ ಮುಂದೆ ಓದಿ.

ಈ ಒಂದು ನಿಯಮದಿಂದಲೇ ನಮ್ಮಂಥ ಹತ್ತು ಮೀಟರ್‌ನವರು ಉಳಿದುಕೊಂಡೆವು. .22 (ಲೈಸೆನ್ಸ್ ಬೇಕಾದ, ಮದ್ದುಗುಂಡಿನ ರೈಫಲ್) ಹೊಡೆಯೋ ನಮ್ಮ ಕ್ಲಬ್ಬಿನ ಹಿರಿಯರು ತಿಂಗಳುಗಟ್ಟಲೆ ಸುಮ್ನೆ ಕೂತರು. ಕೊರೊನಾ ಎಲ್ಲ ಕಡೆ ಬಂತು, ಲಾಕ್‌ಡೌನ್ ಎಲ್ಲ ಕಡೆ ಆಯ್ತು. ಆದರೆ ಯಾವ ದೇಶದ ಶೂಟರ್ ಎಷ್ಟು ಕಳೆದುಕೊಂಡ ಅನ್ನೋದನ್ನ ನಿರ್ಧಾರ ಮಾಡಿದ್ದು ಅಲ್ಲಿನ ಕಾನೂನು ಬಂದೂಕನ್ನ ಯಾವ ಕಣ್ಣಿಂದ ನೋಡುತ್ತೆ ಅನ್ನೋದೇ. ಹೊರಗಿರೋ ಗೆಳೆಯರ ಜೊತೆ ಮಾತಾಡಿದಷ್ಟೂ ಇದು ಗಟ್ಟಿಯಾಗ್ತಾ ಹೋಯ್ತು. ಅದನ್ನ ಕೆಳಗೆ ಬರೀತೀನಿ, ಮೊದಲು ಕೆಲಸದ ವಿಷಯ.

ಶುರು ಆಗಿದ್ದು ಹೇಗೆ

2020ರ ಮಾರ್ಚ್‌ನಲ್ಲಿ ದೆಹಲಿಯ ಕರ್ಣಿ ಸಿಂಗ್ ರೇಂಜ್‌ನಲ್ಲಿ ಶೂಟಿಂಗ್ ವರ್ಲ್ಡ್ ಕಪ್ ನಡೀಬೇಕಿತ್ತು, ಮುಂದಕ್ಕೆ ಹೋಯ್ತು, ಆಮೇಲೆ ರದ್ದೇ ಆಯ್ತು. ಮಾರ್ಚ್ 24ಕ್ಕೆ ಟೋಕಿಯೊ ಒಲಿಂಪಿಕ್ಸ್ ಮುಂದೂಡಿದರು, ಅವತ್ತೇ ರಾತ್ರಿ ಎಂಟಕ್ಕೆ ನಮ್ಮ ದೇಶದ ಲಾಕ್‌ಡೌನ್ ಘೋಷಣೆ. ನಮ್ಮ ಕ್ಲಬ್ಬಿನ ಗೇಟಿಗೆ ಬೀಗ ಬಿತ್ತು. ನಾನು ಕೋಚ್ ಹತ್ರ ಕೊಲ್ಹಾಪುರಕ್ಕೆ ಹೋಗಿ ಬರ್ತಿದ್ದೆ. ತೇಜಸ್ವಿನಿ ಸಾವಂತ್, ರಾಹಿ ಸರ್ನೋಬತ್ ಇಬ್ಬರೂ ಆ ಊರಿನವರೇ, ತೇಜಸ್ವಿನಿ 2010ರಲ್ಲಿ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದವರು, ಹಾಗಾಗಿ ನಮ್ಮ ಕಡೆಯ ಶೂಟರ್‌ಗಳಿಗೆ ಬೆಂಗಳೂರಿಗಿಂತ ಕೊಲ್ಹಾಪುರವೇ ಹತ್ತಿರ, ದೂರದಲ್ಲೂ ಮನಸ್ಸಿನಲ್ಲೂ. ನಿಪ್ಪಾಣಿ ದಾಟಿದ ಮೇಲೆ ಕೊಗನೊಳ್ಳಿ ಚೆಕ್‌ಪೋಸ್ಟ್ ಬಂದ್ ಆಯ್ತು. ಅಲ್ಲಿಗೆ ಆ ದಾರಿಯೂ ಮುಗೀತು.

ಏಪ್ರಿಲ್ 15ಕ್ಕೆ ಮಾಜಿ ಶೂಟರ್ ಶಿಮೋನ್ ಷರೀಫ್ ಆನ್‌ಲೈನ್‌ನಲ್ಲೇ ಒಂದು ಅಂತರರಾಷ್ಟ್ರೀಯ ಸ್ಪರ್ಧೆ ನಡೆಸಿದರು. ಮನು ಭಾಕರ್ ಅಂಥವರು ಮನೆಯಿಂದಲೇ ಹೊಡೆದರು. ಅದನ್ನ ಮೊಬೈಲ್‌ನಲ್ಲಿ ನೋಡ್ತಾ ನೋಡ್ತಾ ನಾನು ಟೇಪ್ ತಗೊಂಡು ಮನೆ ಅಳೆಯೋಕೆ ಎದ್ದೆ.

ಜಾಗ

ನಮ್ಮದು ಬೆಳಗಾವಿಯ ಶಹಾಪುರದ ಹಳೇ ಮನೆ. ಅಗಲ ಕಡಿಮೆ, ಉದ್ದ ಜಾಸ್ತಿ. ಮುಂಬಾಗಿಲಿಂದ ಪಡಸಾಲೆ, ನಡುಮನೆ, ಅಡುಗೆಮನೆ ಪಕ್ಕದ ಓಣಿಯಂಥ ದಾರಿ, ಆಮೇಲೆ ಹಿತ್ತಲ ಬಾಗಿಲು, ಎಲ್ಲ ಒಂದೇ ಗೆರೆಯಲ್ಲಿ. ನಿಲ್ಲೋ ಜಾಗ, ಟ್ರ್ಯಾಪ್ ಎಲ್ಲ ಸೇರಿ ಹನ್ನೆರಡು ಮೀಟರ್ ಬೇಕು, ಅಷ್ಟು ಸಿಕ್ತು. ಹಿತ್ತಲ ಬಾಗಿಲಿಗೆ ಒಳಗಿಂದ ಚಿಲಕ ಹಾಕಿ ಅದರ ಮುಂದೆ ಟ್ರ್ಯಾಪ್ ಇಡೋದು. ಟಾರ್ಗೆಟ್ ನಡು ನೆಲದಿಂದ 1.4 ಮೀಟರ್ ಎತ್ತರಕ್ಕೆ ಬರಬೇಕು.

ತಕರಾರು ಬಂದಿದ್ದು ಅವ್ವನಿಂದ. "ಬಾಗಲಾ ಹಾಕ್ಕೊಂಡು ಏನ್ ಟಕ್ ಟಕ್ ಹಚ್ಚೀಯೋ, ನಳ ಬಂದ್ರ ನೀರ್ ತುಂಬಾಕ ಹಿತ್ತಲಕ್ಕ ಹೋಗೂದು ಹ್ಯಾಂಗ?" ನ್ಯಾಯವಾದ ಮಾತು. ಹಾಗಾಗಿ ನಳ ಬರೋ ಹೊತ್ತಿಗೆ ರೈಫಲ್ ಹೊರಗೆ ತೆಗೆಯೋ ಹಾಗೇ ಇಲ್ಲ. ಉಳಿದ ಹೊತ್ತಿನಲ್ಲೂ ಅಡುಗೆಮನೆಯಿಂದ ಯಾರಾದರೂ ದಾರಿಗೆ ಬರಬೇಕು ಅಂದರೆ ಕೂಗಬೇಕು, ನಾನು ರೈಫಲ್‌ನ ಬೋಲ್ಟ್ (ಗುಂಡು ಹಾಕೋ ಬಾಯಿ) ತೆರೆದು, ರೈಫಲ್ ಕೆಳಗಿಟ್ಟು, ಬಾ ಅಂದ ಮೇಲೇ ಬರೋದು. ಈಗ ಎಂಟು ವರ್ಷದ ತಂಗಿ ಮಗಳೂ ಇದನ್ನ ತಪ್ಪದೇ ಪಾಲಿಸ್ತಾಳೆ.

ಟ್ರ್ಯಾಪ್

ಇದರ ಬಗ್ಗೆ ವಿವರವಾಗಿ ಬರೀಬೇಕು, ಯಾಕಂದರೆ ಜನ ಹೆಚ್ಚು ನಿರ್ಲಕ್ಷ್ಯ ಮಾಡೋದು ಇಲ್ಲೇ. ಉದ್ಯಮಬಾಗದಲ್ಲಿ ನಮ್ಮ ಮಾಮಾ ಒಬ್ಬರದು ಫ್ಯಾಬ್ರಿಕೇಷನ್ ಶೆಡ್ ಇದೆ. 2020ರ ಮೇನಲ್ಲಿ ಕೆಲಸ ಮತ್ತೆ ಶುರುವಾದಾಗ ಅವರು ಒಂದು ಉಕ್ಕಿನ ಪ್ಲೇಟ್ ಕತ್ತರಿಸಿಕೊಟ್ಟರು. ಅದನ್ನ ಡಬ್ಬದೊಳಗೆ ನೇರವಾಗಿ ನಿಲ್ಲಿಸಬಾರದು. ನೇರ ನಿಲ್ಲಿಸಿದರೆ ಪೆಲೆಟ್ (ಸೀಸದ ಸಣ್ಣ ಗುಂಡು) ಚಪ್ಪಟೆಯಾಗಿ ತಿರುಗಿ ನಿಮ್ಮ ಕಡೆಗೇ ಬರುತ್ತೆ. ಮೇಲ್ತುದಿ ನಮ್ಮ ಕಡೆ, ಕೆಳತುದಿ ಹಿಂದಕ್ಕೆ, 45 ಡಿಗ್ರಿ ಓರೆ. ಪೆಲೆಟ್ ಬಡಿದು ಕೆಳಗೆ ಮರಳಿನ ತಟ್ಟೆಗೆ ಬೀಳಬೇಕು. ಸುತ್ತ ದಪ್ಪ ಪ್ಲೈವುಡ್, ಡಬ್ಬದ ಹಿಂದೆ ಹಳೇ ಕೌದಿ ಮಡಚಿ ತೂಗುಬಿಟ್ಟಿದ್ದೀನಿ. ಕೌದಿ ಬಂದ ಮೇಲೆ ಶಬ್ದ ಅರ್ಧಕ್ಕಿಂತ ಕಡಿಮೆ ಆಯ್ತು.

ವಾರಕ್ಕೊಮ್ಮೆ ತಟ್ಟೆ ತೆಗೆದರೆ ಪೆಲೆಟ್‌ಗಳು ಸಣ್ಣ ಬೂದು ಬಿಲ್ಲೆಗಳಾಗಿ ಬಿದ್ದಿರುತ್ತವೆ, ಕೆಲವದರ ಅಂಚು ಹೂವಿನ ಎಸಳಿನ ಹಾಗೆ ಸೀಳಿರುತ್ತೆ, ಜೊತೆಗೆ ನುಣ್ಣಗೆ ಬೂದು ಪುಡಿ. ಆ ಪುಡಿ ಸೀಸ. ಒಣ ಪೊರಕೆಯಿಂದ ಗುಡಿಸಬೇಡಿ, ಗಾಳಿಗೆ ಏಳುತ್ತೆ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಬೇರೆ ಇಡಿ, ಕೈ ಸೋಪು ಹಾಕಿ ತೊಳೆದ ಮೇಲೇ ಊಟಕ್ಕೆ ಕೂರಿ. ಮನೆಯಲ್ಲಿ ಮಕ್ಕಳಿದ್ದರೆ ಇದು ಕಡ್ಡಾಯ.

ಗಾಳಿ ಮತ್ತು ಬೆಳಕು

ನನ್ನ ರೈಫಲ್ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುತ್ತೆ, ಅದರ ಸಿಲಿಂಡರ್ 200 ಬಾರ್ ಒತ್ತಡದ್ದು. ಕ್ಲಬ್ಬಿನಲ್ಲಿ ದೊಡ್ಡ ಟ್ಯಾಂಕ್‌ನಿಂದ ನಿಮಿಷದಲ್ಲಿ ತುಂಬ್ತಿತ್ತು. ಬೀಗ ಬಿದ್ದ ಮೇಲೆ ಗಾಳಿಯೇ ಇಲ್ಲ! ಬಾಗಲಕೋಟೆಯ ವಿದ್ಯಾಗಿರಿಯ ಗೆಳೆಯನ ಹತ್ರ ಹ್ಯಾಂಡ್ ಪಂಪ್ ಇತ್ತು, ಜಿಲ್ಲೆ ಗಡಿ ತೆರೆದ ಮೇಲೆ ಬಸ್ ಪಾರ್ಸಲ್‌ನಲ್ಲಿ ಕಳಿಸಿದ. ಮೂರು ಹಂತದ ಪಂಪ್, ಕೊನೆಯ ಐವತ್ತು ಬಾರ್‌ಗೆ ಮೈ ಭಾರವನ್ನೆಲ್ಲ ಹಾಕಿ ಒತ್ತಬೇಕು. ಸ್ವಲ್ಪ ಸ್ವಲ್ಪ ಒತ್ತಿ ಪಂಪ್ ಆರೋಕೆ ಬಿಡಿ, ಇಲ್ಲದಿದ್ದರೆ ಒಳಗೆ ನೀರು ಹನಿಗಟ್ಟಿ ಸಿಲಿಂಡರ್‌ಗೆ ಹೋಗುತ್ತೆ. ಬೆಳಗಾವಿಯ ಮಳೆಗಾಲದಲ್ಲಿ ಇದು ದೊಡ್ಡ ತಲೆನೋವು. ಇನ್ನೊಂದು ಮಾತು, ಯಾರೋ ಕೇಳಿದ್ದರು: ಆಕ್ಸಿಜನ್ ಸಿಲಿಂಡರ್‌ನಿಂದ ತುಂಬಬಹುದಾ ಅಂತ. ಬೇಡವೇ ಬೇಡ. ಒಳಗಿನ ಎಣ್ಣೆ, ಗ್ರೀಸ್ ಜೊತೆ ಸೇರಿದರೆ ಸ್ಫೋಟ ಆಗುತ್ತೆ.

ಬೆಳಕಿನ ಕಥೆ ಸಣ್ಣದು. ಟಾರ್ಗೆಟ್ ಮೇಲೆ ಕಡಿಮೆ ಅಂದರೂ 1500 ಲಕ್ಸ್ (ಬೆಳಕಿನ ಅಳತೆ) ಬೇಕು ಅನ್ನುತ್ತೆ ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ ಐಎಸ್‌ಎಸ್‌ಎಫ್‌ನ ನಿಯಮ. ಗಣಪತಿ ಮಂಟಪಕ್ಕೆ ತಂದಿದ್ದ ಎಲ್‌ಇಡಿ ಫ್ಲಡ್‌ಲೈಟ್ ಸಾಕಾಯ್ತು.

ಹೊರಗಿನವರ ಕಥೆ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿರೋ ಚಿಕ್ಕಪ್ಪನ ಮಗ .22 ಹೊಡೀತಾನೆ. 2020ರ ಮಾರ್ಚ್ 23ಕ್ಕೆ ಅಲ್ಲಿ ಎಲ್ಲ ಬಂದ್. ಮೇ ಮಧ್ಯದಲ್ಲಿ ಹೊರಾಂಗಣ ಆಟಕ್ಕೆ ನಿಧಾನವಾಗಿ ಅವಕಾಶ ಸಿಕ್ತು, ಆದರೆ ಅವನ ಕ್ಲಬ್ ಒಳಾಂಗಣದ್ದು, ಅದೂ ಲೆಸ್ಟರ್‌ಗೆ ಜೂನ್ ಕೊನೆಗೆ ಬೇರೆಯೇ ಲಾಕ್‌ಡೌನ್ ಬಿತ್ತು. ನವೆಂಬರ್‌ನಲ್ಲಿ ಮತ್ತೆ ಬಂದ್, ಜನವರಿಯಲ್ಲಿ ಮತ್ತೆ ಬಂದ್, 2021ರ ಮಾರ್ಚ್ 29ಕ್ಕೆ ಹೊರಾಂಗಣ ತೆರೀತು. ರೈಫಲ್ ಮನೆಯ ಕಬ್ಬಿಣದ ಕಪಾಟಿನಲ್ಲೇ ಇದೆ, ಹೊಡೆಯೋ ಜಾಗ ಇಲ್ಲ. ಆದರೆ ಅವರಲ್ಲಿ ಒಂದು ಒಳ್ಳೇ ಪದ್ಧತಿ ಇದೆ, ಪೋಸ್ಟಲ್ ಲೀಗ್. ಅವರವರ ಊರಿನಲ್ಲಿ ಕಾರ್ಡ್ (ಕಾಗದದ ಟಾರ್ಗೆಟ್) ಹೊಡೆದು ಅಂಚೆಯಲ್ಲಿ ಕಳಿಸೋದು, ಒಬ್ಬರು ಕೂತು ಅಂಕ ಹಾಕೋದು. ತುಂಬಾ ಹಳೇ ಪದ್ಧತಿ. ಇವನ ಕ್ಲಬ್ಬಿನವರು ಅದನ್ನೇ ಮನೆಯ ಏರ್ ಪಿಸ್ತೂಲ್‌ಗೆ ತಿರುಗಿಸಿಕೊಂಡರು. ಕೆಳಗೆ ಹೇಳೋ ನಮ್ಮ ಕಾರ್ಡ್ ಲೀಗ್‌ನ ಐಡಿಯಾ ನಾನು ಅಲ್ಲಿಂದಲೇ ಎತ್ತಿದ್ದು.

ಮೆಲ್ಬರ್ನ್‌ನಲ್ಲಿರೋ ವಿಜಯಪುರದ ಗೆಳೆಯನದು ಎಲ್ಲರಿಗಿಂತ ಕಷ್ಟ. ಆಸ್ಟ್ರೇಲಿಯಾದಲ್ಲಿ ಏರ್ ರೈಫಲ್‌ಗೂ ಲೈಸೆನ್ಸ್ ಬೇಕು. 2020ರ ಮಾರ್ಚ್ ಕೊನೆಯಲ್ಲಿ ಅಲ್ಲಿನ ವಿಕ್ಟೋರಿಯಾ ರಾಜ್ಯದ ಸರ್ಕಾರ ಹವ್ಯಾಸಿ ಶೂಟರ್‌ಗಳಿಗೆ ಬಂದೂಕು, ಮದ್ದುಗುಂಡು ಮಾರೋದನ್ನೇ ನಿಲ್ಲಿಸಿತು. ಆಮೇಲೆ ಜುಲೈನಿಂದ ಅಕ್ಟೋಬರ್‌ವರೆಗೆ ಮೆಲ್ಬರ್ನ್‌ನಲ್ಲಿ 112 ದಿನದ ಲಾಕ್‌ಡೌನ್, ಅದರಲ್ಲಿ ಐದು ಕಿಲೋಮೀಟರ್ ದಾಟಬಾರದು ಅನ್ನೋ ನಿಯಮವೂ ಇತ್ತು. ರೇಂಜ್ ಅದಕ್ಕಿಂತ ದೂರ. ಪಿಸ್ತೂಲ್ ಇಟ್ಟುಕೊಂಡವರು ವರ್ಷಕ್ಕೆ ಇಂತಿಷ್ಟು ಸಲ ಹೊಡೆದ ದಾಖಲೆ ತೋರಿಸಬೇಕು, ಅದೊಂದು ಹೆದರಿಕೆ ಬೇರೆ. ರೇಂಜ್‌ಗೆ ಹೋಗೋಕೆ ಬಿಡಲ್ಲ, ಹೋಗಿಲ್ಲ ಅಂದರೆ ಲೈಸೆನ್ಸ್‌ಗೆ ಕುತ್ತು. ಈ ಚಿಂತೆಯಲ್ಲಿ ಅವನು ರಾತ್ರಿ ಫೋನ್ ಮಾಡಿದಾಗ ನನ್ನ ಹತ್ರ ಸಮಾಧಾನಕ್ಕೂ ಮಾತಿರಲಿಲ್ಲ.

ಟೆಕ್ಸಸ್‌ನ ಗೆಳೆಯನದು ಪೂರ್ತಿ ಉಲ್ಟಾ. ಮಾರ್ಚ್ 28ಕ್ಕೆ ಅಲ್ಲಿನ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಬಂದೂಕಿನ ಅಂಗಡಿ, ಶೂಟಿಂಗ್ ರೇಂಜ್ ಎಲ್ಲ ಅಗತ್ಯ ಸೇವೆ ಪಟ್ಟಿಗೆ ಸೇರಿದವು. ಆ ಒಂದು ತಿಂಗಳಲ್ಲೇ ಬಂದೂಕು ಕೊಳ್ಳೋರ ಹಿನ್ನೆಲೆ ಪರಿಶೀಲನೆ 37 ಲಕ್ಷ ದಾಟಿತು. ಆಮೇಲೆ ಗುಂಡೇ ಸಿಗದ ಹಾಗೆ ಆಯ್ತು. ರೇಂಜ್ ತೆರೆದಿದೆ, ಇವನ ಕೈಯಲ್ಲಿ ಗುಂಡಿಲ್ಲ, ಸಿಕ್ಕರೂ ಬೆಲೆ ಕೈಗೆ ನಿಲುಕಲ್ಲ. ಭಯದಿಂದ ಕೊಂಡವರಿಂದ ಹವ್ಯಾಸಕ್ಕೆ ಹೊಡೆಯೋರಿಗೆ ಪೆಟ್ಟು ಬಿತ್ತು.

ಸ್ವಿಟ್ಜರ್ಲೆಂಡ್‌ನಲ್ಲಿ ಸೈನಿಕರು ವರ್ಷಕ್ಕೊಮ್ಮೆ 300 ಮೀಟರ್ ಕಡ್ಡಾಯವಾಗಿ ಹೊಡೀಬೇಕು, 2020ಕ್ಕೆ ಅದನ್ನೇ ಕೈಬಿಟ್ಟರು, ಲೂಸರ್ನ್‌ನ ರಾಷ್ಟ್ರೀಯ ಶೂಟಿಂಗ್ ಹಬ್ಬವೂ ಮುಂದಕ್ಕೆ ಹೋಯ್ತು. ಜರ್ಮನಿಯಲ್ಲಿ ಹ್ಯಾನೋವರ್‌ನ ದೊಡ್ಡ ಶೂಟರ್‌ಗಳ ಜಾತ್ರೆ ರದ್ದು. ನ್ಯೂಜಿಲೆಂಡ್‌ನಲ್ಲಿ ಬೇಟೆಗಾರರು ಜಿಂಕೆ ಋತುವನ್ನೇ ಕಳೆದುಕೊಂಡರು.

ನಮ್ಮ ಕಾರ್ಡ್ ಲೀಗ್

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೇರಿ ಸಣ್ಣ ಗುಂಪು. ಎಲೆಕ್ಟ್ರಾನಿಕ್ ಟಾರ್ಗೆಟ್ ಯಾರ ಹತ್ರಾನೂ ಇಲ್ಲ, ಕಾಗದದ್ದೇ. ಪ್ರತಿ ಸುತ್ತಿಗೂ ಕಾರ್ಡ್ ಪಕ್ಕ ಅವತ್ತಿನ ಪೇಪರ್ ಇಟ್ಟು ಫೋಟೊ ತೆಗೆದು ಅವತ್ತೇ ವಾಟ್ಸಾಪ್‌ಗೆ ಹಾಕಬೇಕು, ಆಮೇಲೆ ಕಾರ್ಡ್ ಅಂಚೆಗೆ. ವಿಜಯಪುರದ ಒಬ್ಬ ನಿವೃತ್ತ ಮಾಸ್ತರರು ಗೇಜ್ (ತೂತು ಅಳೆಯೋ ಸಲಕರಣೆ) ಹಾಕಿ ಅಂಕ ಕೊಡ್ತಾರೆ. ರೈಫಲ್ ಟಾರ್ಗೆಟ್‌ನ ಹತ್ತು ಅಂಕದ ಗುರುತು ಬರೀ ಅರ್ಧ ಮಿಲಿಮೀಟರ್ ಚುಕ್ಕೆ, ಫೋಟೊ ನೋಡಿ ಜಗಳ ಆಡೋದು ಸಾಧ್ಯವೇ ಇಲ್ಲ. ಸರ್ ಹೇಳಿದ್ದೇ ಕೊನೆ.

ಮನೆಯಲ್ಲಿ ಒಬ್ಬನೇ ಹೊಡೆಯುವಾಗ ಎದೆ ಬಡಿತ ಏರೋದೇ ಇಲ್ಲ. ಗ್ರೂಪ್ ಚೆನ್ನಾಗಿ ಬರುತ್ತೆ, ಅಂದರೆ ತೂತುಗಳು ಒತ್ತೊತ್ತಾಗಿ ಬೀಳುತ್ತವೆ, ಅದನ್ನ ನಂಬೋಕಾಗಲ್ಲ. ಕಾರ್ಡ್ ಬೇರೆಯವರ ಕೈಗೆ ಹೋಗುತ್ತೆ ಅಂತ ಗೊತ್ತಿರೋ ದಿನ ಅದೇ ಪಡಸಾಲೆ, ಅದೇ ರೈಫಲ್, ಆದರೆ ಮೊದಲ ಹೊಡೆತಕ್ಕೇ ಬೆರಳು ಟ್ರಿಗರ್ ಮೇಲೆ ಗಟ್ಟಿಯಾಗುತ್ತೆ. ನಮಗೆ ಬೇಕಿದ್ದದ್ದು ಅದೇ. ದಶಮಾಂಶದ ಲೆಕ್ಕದಲ್ಲಿ (ಒಂದು ಹೊಡೆತಕ್ಕೆ ಹೆಚ್ಚೆಂದರೆ 10.9) 60 ಹೊಡೆತಕ್ಕೆ 605 ಆಸುಪಾಸು ಇದ್ದದ್ದು ಈಗ ಲೀಗ್ ಕಾರ್ಡ್‌ನಲ್ಲೇ 610 ಮೇಲೆ ನಿಂತಿದೆ. ಪೆಲೆಟ್ ಕೊರತೆಯಿಂದ ಡ್ರೈ ಫೈರ್ (ಗುಂಡಿಲ್ಲದೆ ಟ್ರಿಗರ್ ಎಳೆಯೋದು) ಜಾಸ್ತಿ ಮಾಡಿದ್ದೂ ಇದಕ್ಕೆ ಕಾರಣ. ಜರ್ಮನಿಯ ಪೆಲೆಟ್ ಬರೋದು ನಿಂತಾಗ ಇದ್ದ ಡಬ್ಬಗಳನ್ನ ಸ್ಪರ್ಧೆ ಕಾರ್ಡಿಗೆ ಮಾತ್ರ ಇಟ್ಟುಕೊಂಡು, ಉಳಿದ ದಿನ ಬರೀ ಗೋಡೆ ಮೇಲಿನ ಚುಕ್ಕೆಗೆ ಗುರಿ ಹಿಡಿದು ಖಾಲಿ ಟ್ರಿಗರ್ ಎಳೆದೆ. ಸೈಟ್ ಎಲ್ಲಿ ಅಲುಗಾಡಿತು ಅನ್ನೋದು ಖಾಲಿ ಹೊಡೆತದಲ್ಲೇ ಚೆನ್ನಾಗಿ ಕಾಣೋದು.

ಎರಡನೇ ಅಲೆ

2021ರ ಏಪ್ರಿಲ್ 17ರ ಬೆಳಗಾವಿ ಲೋಕಸಭಾ ಉಪಚುನಾವಣೆ ಮುಗಿಯೋ ಹೊತ್ತಿಗೆ ಊರು ಬೇರೆಯೇ ಆಗಿತ್ತು. ಟ್ರ್ಯಾಪ್ ಪ್ಲೇಟ್‌ನ ನಡುಭಾಗ ಗುಳಿ ಬಿದ್ದಿತ್ತು, ಇನ್ನೊಂದು ದಪ್ಪನೇದು ಕತ್ತರಿಸಿಕೊಡಿ ಅಂತ ಮಾಮಾರಿಗೆ ಹೇಳಿದ್ದೆ. ಗ್ಯಾಸ್ ಕಟಿಂಗ್‌ಗೆ ಆಕ್ಸಿಜನ್ ಬೇಕು. ಏಪ್ರಿಲ್ 22ರಿಂದ ಕೆಲವೇ ಕೈಗಾರಿಕೆ ಬಿಟ್ಟು ಉಳಿದವಕ್ಕೆಲ್ಲ ಆಕ್ಸಿಜನ್ ನಿಂತಿತು, ಎಲ್ಲ ಆಸ್ಪತ್ರೆಗೆ. ಮಾಮಾ ಶೆಡ್‌ನಲ್ಲಿದ್ದ ಸಿಲಿಂಡರ್‌ಗಳನ್ನ ತಾವೇ ಕೊಟ್ಟು ಬಂದರು. ಪ್ಲೇಟ್ ವಿಷಯ ನಾನು ಮತ್ತೆ ಎತ್ತಲಿಲ್ಲ. ಮೇ ತಿಂಗಳು ಲೀಗ್ ನಿಲ್ಲಿಸಿದೆವು. ಗುಂಪಿನ ಇಬ್ಬರ ಮನೆಯಲ್ಲಿ ಸಾವಾಗಿತ್ತು, ಕಾರ್ಡ್ ಕಳಿಸಿ ಅಂತ ಕೇಳೋ ಹೊತ್ತಾಗಿರಲಿಲ್ಲ.

2021ರ ಜೂನ್ 14ಕ್ಕೆ ಬಾಗಲಕೋಟೆ, ವಿಜಯಪುರಕ್ಕೆ ಸಡಿಲ ಆಯ್ತು. ಬೆಳಗಾವಿ ಮಾತ್ರ 11 ಜಿಲ್ಲೆಗಳ ಪಟ್ಟಿಯಲ್ಲಿ ಸೇರಿ 21ರವರೆಗೆ ಬಂದ್ ಇತ್ತು. ನಮ್ಮ ಒಲಿಂಪಿಕ್ ಶೂಟಿಂಗ್ ತಂಡ ಆಗ ಮೇನಿಂದ ಕ್ರೊಯೇಷಿಯಾದಲ್ಲಿ ಅಭ್ಯಾಸ ಮಾಡ್ತಿತ್ತು, ತೇಜಸ್ವಿನಿ, ರಾಹಿ ಇಬ್ಬರೂ ಅಲ್ಲೇ ಇದ್ದರು.

ಮುಂದಿನ ಕೆಲಸ: ಹಳೇ ಪ್ಲೇಟ್ ತಿರುಗಿಸಿ ಹಾಕಿದ್ದೀನಿ, ಹೊಸದು ಬರೋವರೆಗೆ ನಡೆಯುತ್ತೆ. ಮಳೆಗೆ ಪ್ಲೈವುಡ್ ಉಬ್ಬಿದೆ, ಅಂಚಿಗೆ ಪೇಂಟ್ ಆಗಬೇಕು. ಜುಲೈ ಮೊದಲ ಭಾನುವಾರ ಲೀಗ್ ಮತ್ತೆ ಶುರು. ಈ ಸಲ ಪಿಸ್ತೂಲಿನವರೂ ಸೇರಬಹುದು, ಪೂರ್ತಿ ಹತ್ತು ಮೀಟರ್ ಇಲ್ಲದವರು ಐದು ಮೀಟರ್‌ಗೆ ಅರ್ಧ ಅಳತೆಯ ಟಾರ್ಗೆಟ್ ಪ್ರಿಂಟ್ ಹಾಕಿಕೊಳ್ಳಿ, ಅವರ ಪಟ್ಟಿ ಬೇರೆ ಮಾಡ್ತೀವಿ. ಸೇರೋರು ಮೊದಲು ಟ್ರ್ಯಾಪ್‌ನ ಫೋಟೊ ಕಳಿಸಿ, ಮುಂದಿಂದ ಒಂದು, ಪಕ್ಕದಿಂದ ಒಂದು. ಅದನ್ನ ನೋಡಿದ ಮೇಲೇ ಕಾರ್ಡ್ ಕಳಿಸೋದು.