ಕಂಬಳಿಕೊಪ್ಪೆ ಅಜ್ಜನ ಕಾಮಿಕ್ಸ್ ಚಿತ್ರ

ಜುಲೈ ತಿಂಗಳ ಭಾನುವಾರ, ಶಿವಮೊಗ್ಗದಲ್ಲಿ ಬೆಳಗಿನಿಂದ ಬಿಡದ ಮಳೆ. ತೀರ್ಥಹಳ್ಳಿ ಕಡೆಯ ಮನೆಯೊಂದರ ಅಂಗಳದಲ್ಲಿ ಕಂಬಳಿಕೊಪ್ಪೆ ಹೊದ್ದು ನಿಂತ ಅಜ್ಜನ ಫೋಟೋ ಬಂದಿತ್ತು. ಅದನ್ನು ಕಾಮಿಕ್ಸ್ ಶೈಲಿಯ ಪಾಪ್ ಆರ್ಟ್ ಮಾಡಿ, ಸಂಜೆಯೊಳಗೆ 12x18 ಇಂಚಿಗೆ ಪ್ರಿಂಟ್ ಹಾಕಿಸಬೇಕಿತ್ತು. ಅಜ್ಜನ ಮುಖದ ಗೆರೆಗಳು ಸೊಗಸಾಗಿದ್ದವು. ತೊಡಕು ಇದ್ದದ್ದು ಬೆಳಕಿನಲ್ಲಿ.

ಮಲೆನಾಡಿನ ಮಳೆಗಾಲದ ಬೆಳಕು ಎಲ್ಲ ಕಡೆಯಿಂದಲೂ ಸಮನಾಗಿ ಬೀಳುತ್ತದೆ. ಮೂಗಿನ ಪಕ್ಕ, ಗಲ್ಲದ ಕೆಳಗೆ ನೆರಳೇ ಇರುವುದಿಲ್ಲ. ಕಾಮಿಕ್ಸ್ ಚಿತ್ರ ನಿಲ್ಲುವುದೇ ಆ ಕಪ್ಪು ನೆರಳಿನ ಮೇಲೆ. ಚುಕ್ಕಿ, ಬಣ್ಣ ಎಲ್ಲ ಆಮೇಲೆ. ಬಹಳ ಜನ ಮೊದಲು ಚುಕ್ಕಿಯ ಫಿಲ್ಟರ್ ಹಾಕಿಬಿಡುತ್ತಾರೆ. ಆಗ ಸಿಗುವುದು ಹಳೇ ಪತ್ರಿಕೆಯಲ್ಲಿ ಅಚ್ಚಾದಂಥ ಮಸುಕು ಫೋಟೋ. ಸಾಧ್ಯವಿದ್ದರೆ ವ್ಯಕ್ತಿಯನ್ನು ಕಿಟಕಿಯ ಪಕ್ಕ ಓರೆಯಾಗಿ ಕೂರಿಸಿ ಫೋಟೋ ತೆಗೆಯಬೇಕು, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಈ ಫೋಟೋಗೆ ಆ ಅವಕಾಶವಿರಲಿಲ್ಲ. ಫೋಟೋಶಾಪ್‌ನಲ್ಲಿ 3600x5400 ಪಿಕ್ಸೆಲ್‌ಗೆ, ಅಂದರೆ ಇಂಚಿಗೆ 300ರಂತೆ ಅಳತೆ ಹೊಂದಿಸಿ ಥ್ರೆಶೋಲ್ಡ್ (ಕೊಟ್ಟ ಮಟ್ಟಕ್ಕಿಂತ ಗಾಢವಾದದ್ದೆಲ್ಲ ಕಪ್ಪು, ಉಳಿದದ್ದು ಬಿಳಿ) 128 ಕೊಟ್ಟರೆ ಕೊಪ್ಪೆಯೊಳಗಿನ ಮುಖವಿಡೀ ಮಸಿ. 90ಕ್ಕೆ ಇಳಿಸಿದರೆ ಮೂಗು, ಗಲ್ಲ ಎರಡೂ ಮಾಯ. ಬೆಳಕು ಹೀಗೆ ಚಪ್ಪಟೆಯಾಗಿದ್ದಾಗ ಕೈಹಿಡಿಯುವುದು ಹೈ ಪಾಸ್ ಫಿಲ್ಟರ್. ಅದು ಹತ್ತಿರದ ಪಿಕ್ಸೆಲ್‌ಗಳ ನಡುವಿನ ವ್ಯತ್ಯಾಸವನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನು ನಡುಬೂದು ಮಾಡುತ್ತದೆ. ಲೇಯರಿನ, ಅಂದರೆ ಚಿತ್ರದ ಪದರದ ಪ್ರತಿ ತೆಗೆದು, ಬಣ್ಣ ಕಳೆದು, ಹೈ ಪಾಸ್ 10 ಪಿಕ್ಸೆಲ್, ಮೇಲೆ ಥ್ರೆಶೋಲ್ಡ್ 122. ಹುಬ್ಬು, ಕಣ್ಣಂಚು, ಹಣೆಯ ಸುಕ್ಕು ಎಲ್ಲ ಶಾಯಿಯಲ್ಲಿ ಎಳೆದ ಹಾಗೆ ಎದ್ದುಬಂದವು.

ಜೊತೆಗೇ ಕಂಬಳಿಯೂ ಎದ್ದುಬಂತು! ಕುರಿ ಉಣ್ಣೆಯ ಒಂದೊಂದು ಎಳೆಯೂ ವ್ಯತ್ಯಾಸವೇ ಆದ್ದರಿಂದ ಕೊಪ್ಪೆಯ ತುಂಬ ಕರಿ ಎಳ್ಳು ಚೆಲ್ಲಿದಂತೆ ಚುಕ್ಕೆಗಳು. ಇದಕ್ಕೆ ಹಿಂದಿನ ಹೆಜ್ಜೆಗೇ ಹೋಗಬೇಕು: ಕಂಬಳಿಯನ್ನಷ್ಟೇ ಸೆಲೆಕ್ಟ್ ಮಾಡಿ ಮೀಡಿಯನ್ ಫಿಲ್ಟರ್ 6 ಕೊಟ್ಟು, ಆಮೇಲೆ ಹೈ ಪಾಸ್. ಗಾಸಿಯನ್ ಬ್ಲರ್ ಬೇಡ, ಅದು ಮಡಿಕೆಯ ಅಂಚನ್ನೂ ಕರಗಿಸುತ್ತದೆ. ಮೀಡಿಯನ್ ಎಳೆ ಅಳಿಸಿ ಅಂಚು ಉಳಿಸುತ್ತದೆ. ಹಿಂದಿನ ಅಡಿಕೆ ತೋಟದ ಸೋಗೆಗಳದ್ದೂ ಇದೇ ರಗಳೆ. ತೋಟವನ್ನು ಪೂರ್ತಿ ಕತ್ತರಿಸಿ ಬರೀ ಹಳದಿ ತುಂಬಿದೆ. ಹಸಿರು ಬಿಡಲು ಮನಸ್ಸಾಗುವುದಿಲ್ಲ, ಆದರೂ ಬಿಡಲೇಬೇಕು. ಕೊಪ್ಪೆಯ ಕೆಳಗೆ, ಮೂಗಿನ ಎಡಕ್ಕೆ, ಕತ್ತಿನಲ್ಲಿ ಗಟ್ಟಿ ಅಂಚಿನ ಬ್ರಷ್ಷಿನಿಂದ ಕಪ್ಪು ನೆರಳನ್ನು ಕೈಯಲ್ಲೇ ತುಂಬಿದ್ದಾಯಿತು. ಈ ಕಪ್ಪು ಲೇಯರ್ ಎಲ್ಲಕ್ಕಿಂತ ಮೇಲೆ, ಬಿಳಿಯನ್ನು ಮರೆಮಾಡಿ ಗಾಢ ಬಣ್ಣವನ್ನಷ್ಟೇ ತೋರಿಸುವ ಮಲ್ಟಿಪ್ಲೈ ಮೋಡ್‌ನಲ್ಲಿರಬೇಕು. ಕೆಳಗಿನ ಲೇಯರಿನಲ್ಲಿ ಚಪ್ಪಟೆ ಬಣ್ಣ: ಕಂಬಳಿಗೆ ನೀಲಿ, ಅಂಗಿಗೆ ಬಿಳಿ, ಮುಖಕ್ಕೆ ತಿಳಿ ಗುಲಾಬಿ.

ಚುಕ್ಕಿಯ ಸರದಿ ಬಂದದ್ದು ಊಟದ ನಂತರ. 1879ರಲ್ಲಿ ಬೆಂಜಮಿನ್ ಡೇ ಎಂಬ ಅಮೆರಿಕದ ಮುದ್ರಕ ರೂಪಿಸಿದ ವಿಧಾನವಾದ್ದರಿಂದ ಇವಕ್ಕೆ ಬೆನ್‌ಡೇ ಚುಕ್ಕಿ ಎನ್ನುತ್ತಾರೆ. ಕಡಿಮೆ ಶಾಯಿಯಲ್ಲಿ ನಡುಛಾಯೆ ತೋರಿಸುವ ಉಪಾಯ ಅದು. ಹಾಗಾಗಿ ಚುಕ್ಕಿ ಎಲ್ಲ ಕಡೆಗೂ ಅಲ್ಲ, ಮುಖ ಮತ್ತು ಕೈಗೆ ಮಾತ್ರ. ಮುಖದ ಒಂದು ಕಪ್ಪುಬಿಳುಪು ಪ್ರತಿಗೆ ಪಿಕ್ಸೆಲೇಟ್ ಗುಂಪಿನ ಕಲರ್ ಹಾಫ್‌ಟೋನ್ ಹಾಕಬೇಕು. ಅದರಲ್ಲಿ ತಾನಾಗಿ ಬರುವ ಕೋನಗಳು 108, 162, 90, 45. ಹಾಗೇ ಬಿಟ್ಟರೆ ಒಂದೊಂದು ಚಾನೆಲ್ಲಿನ (ಮೂಲಬಣ್ಣದ) ಚುಕ್ಕಿ ಒಂದೊಂದು ದಿಕ್ಕಿಗೆ ಸರಿದು ಮುಖ ರಾಡಿಯಾಗುತ್ತದೆ. ನಾಲ್ಕಕ್ಕೂ 45 ಕೊಟ್ಟರೆ ಚುಕ್ಕಿಗಳು ಒಂದರ ಮೇಲೊಂದು ಸರಿಯಾಗಿ ಕೂತು ಅಪ್ಪಟ ಕಪ್ಪಾಗುತ್ತವೆ. ಚುಕ್ಕಿಯ ತ್ರಿಜ್ಯ 8 ಪಿಕ್ಸೆಲ್ ಇದ್ದರೆ ಈ ಅಳತೆಯ ಪ್ರಿಂಟಿನಲ್ಲಿ ದೂರಕ್ಕೆ ಬರೀ ಬೂದಿ ಬಣ್ಣ. 20 ಹಿಡಿಸಿತು. ಮೇಲೊಂದು ಕೆಂಪು ಲೇಯರನ್ನು ಕ್ಲಿಪ್ ಮಾಡಿ (ಅಂದರೆ ಚುಕ್ಕಿಯ ಲೇಯರಿಗಷ್ಟೇ ತಾಗುವಂತೆ ಅಂಟಿಸಿ) ಸ್ಕ್ರೀನ್ ಮೋಡ್‌ಗೆ ಹಾಕಿದರೆ ಕಪ್ಪು ಚುಕ್ಕಿ ಕೆಂಪಾಗುತ್ತದೆ, ಬಿಳಿ ಹಾಗೇ ಉಳಿಯುತ್ತದೆ. ಚುಕ್ಕಿಯ ಲೇಯರ್ ಮಲ್ಟಿಪ್ಲೈ ಆದೊಡನೆ ಅಜ್ಜನ ಕೆನ್ನೆಗೆ ಜೀವ ಬಂತು. ಫೋಟೋಶಾಪ್ ಇಲ್ಲದವರಿಗೆ ಉಚಿತ ತಂತ್ರಾಂಶವಾದ ಗಿಂಪ್‌ನ ನ್ಯೂಸ್‌ಪ್ರಿಂಟ್ ಫಿಲ್ಟರ್ ಇದೇ ಕೆಲಸ ಮಾಡುತ್ತದೆ.

ಮಾತಿನ ಗುಳ್ಳೆಯಲ್ಲಿ ‘ಎಂಥ ಮಳೆ ಮಾರಾಯ!’ ಎಂದು ಬರೆದರೆ ‘ಎಂಥ’ದ ಸೊನ್ನೆ ಸರಿ, ‘ಳೆ’, ‘ಮಾ’, ‘ರಾ’ದಂಥ ಗುಣಿತಾಕ್ಷರ ಬಂದಲ್ಲೆಲ್ಲ ಅಕ್ಷರ ಒಡೆದು ಬಿಡಿಬಿಡಿ. ಹಳೇ ಆವೃತ್ತಿಯ ಫೋಟೋಶಾಪ್ ಆದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿದಾಗ ಗುಣಿತದ ಚಿಹ್ನೆ ಅದರದರ ಜಾಗಕ್ಕೆ ಬರುತ್ತದೆ. ಫಾಂಟಿನ ಹೆಸರು ‘ಬಲೂ ತಮ್ಮ’, ದುಂಡಗೆ, ದಪ್ಪಗೆ, ಕಾಮಿಕ್ಸಿಗೆ ಹೇಳಿ ಮಾಡಿಸಿದ್ದು. ಮೂಲೆಯಲ್ಲಿ ಓರೆಯಾಗಿ ದೊಡ್ಡದೊಂದು ‘ಧೋ’. ಮಳೆಯ ಸದ್ದಿಗೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಅಕ್ಷರ ಇಲ್ಲ.

ಪ್ರಿಂಟ್ ಅಂಗಡಿಗೆ ಕಡತವನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿದ್ದು. ಫೋಟೋ ಆದರೆ ಕುಗ್ಗಿ ಚುಕ್ಕಿಯ ಅಂಚೆಲ್ಲ ಕದಡುತ್ತದೆ. ಆದರೂ ಮೊದಲ ಹಾಳೆಯಲ್ಲಿ ಕೆನ್ನೆಯ ಮೇಲೆ ಅಲೆಅಲೆಯಾದ ಪಟ್ಟೆ. ಹಾಳೆಗೆ ಹೊಂದಿಸುವ ಆಯ್ಕೆ ಒತ್ತಿದ್ದರಿಂದ ಚಿತ್ರ ಸ್ವಲ್ಪ ಕಿರಿದಾಗಿ, ಚುಕ್ಕಿಯ ಸಾಲು ಪ್ರಿಂಟರಿನ ಸಾಲಿಗೆ ಹೊಂದದೆ ಹೋಗಿತ್ತು. 100 ಪರ್ಸೆಂಟ್‌ಗೆ ಇಟ್ಟು ಮತ್ತೆ ತೆಗೆದಾಗ ಪಟ್ಟೆ ಹೋಯಿತು. ಮಳೆ ನಿಂತಿರಲಿಲ್ಲ, ಹಾಳೆಯನ್ನು ಸುರುಳಿ ಸುತ್ತಿ ಎರಡು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ತಂದದ್ದಾಯಿತು.