ನೀವು ಪೊಲೀಸರಾ, ಅಲ್ವಾ?

ಸಿಗ್ನಲ್‌ನಲ್ಲಿ ನಿಂತಿರಲಿ, ಮತಗಟ್ಟೆಯ ಬಾಗಿಲಲ್ಲಿರಲಿ, ತೇರಿನ ಹಗ್ಗದ ಪಕ್ಕದಲ್ಲಿರಲಿ, ಈ ಪ್ರಶ್ನೆ ಬಂದೇ ಬರುತ್ತದೆ. ಜನ ಮೊದಲು ಖಾಕಿ ನೋಡುತ್ತಾರೆ, ಆಮೇಲೆ ಭುಜದ ಮೇಲಿನ ಅಕ್ಷರ ಓದುತ್ತಾರೆ. 'ಗೃಹರಕ್ಷಕ', ಅಂದರೆ ಹೋಮ್ ಗಾರ್ಡ್, ಅಂದ ಕೂಡಲೇ ಎರಡನೇ ಪ್ರಶ್ನೆ: "ಪೊಲೀಸ್ ಅಲ್ಲ, ಖಾಯಂ ನೌಕರೀನೂ ಅಲ್ಲ, ಮತ್ತೆ ಯಾಕೆ ಮಾಡ್ತೀರಿ?" ಡ್ಯೂಟಿಯಲ್ಲಿ ನಿಂತು ಇದಕ್ಕೆ ಸರಿಯಾಗಿ ಉತ್ತರ ಹೇಳೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೊಟ್ಟೆಪಾಡು ಮನೆಗಳ ವೈರಿಂಗ್ ಕೆಲಸ. ಗೃಹರಕ್ಷಕ ದಳಕ್ಕೆ ಸೇರಿ ಹನ್ನೊಂದು ವರ್ಷವಾಯಿತು. ನಮ್ಮ ಘಟಕದಲ್ಲಿ ಟೈಲರ್ ಇದ್ದಾರೆ, ಆಟೋ ಓಡಿಸುವವರಿದ್ದಾರೆ, ಅಂಗನವಾಡಿಗೆ ತರಕಾರಿ ಕೊಡುವ ಒಬ್ಬ ಅಕ್ಕ ಇದ್ದಾರೆ, ಮನೆಮನೆಗೆ ಹಾಲು ಹಾಕುವ ಹುಡುಗನಿದ್ದಾನೆ. ಕರೆ ಬಂದಾಗ ಸಮವಸ್ತ್ರ ಹಾಕುತ್ತೇವೆ. ಆ ಹೊತ್ತಿನಲ್ಲಿ ಕಾಯ್ದೆಯ ಪ್ರಕಾರ ಪೊಲೀಸರಿಗಿರುವ ಅಧಿಕಾರವೂ ರಕ್ಷಣೆಯೂ ನಮಗಿರುತ್ತದೆ. ಡ್ಯೂಟಿ ಮುಗಿಯಿತೋ, ಅದೂ ಮುಗಿಯಿತು. ಮರುದಿನ ಬೆಳಿಗ್ಗೆ ನಾನು ಮತ್ತೆ ಸ್ಕ್ರೂಡ್ರೈವರ್ ಹಿಡಿದು ಯಾರದೋ ಮನೆಯ ಸ್ವಿಚ್ ಬೋರ್ಡ್ ಮುಂದೆ ನಿಂತಿರುತ್ತೇನೆ. ಹಿಂದಿನ ದಿನ ಜಾತ್ರೆಯಲ್ಲಿ "ಹಿಂದೆ ಸರೀರಿ" ಎಂದು ನಾನು ಗದರಿದವರ ಮನೆಯೇ ಅದಾಗಿರಬಹುದು. ಹಾಗಾಗಿ ಗದರುವಾಗಲೂ ನಾಲಿಗೆ ತಾನಾಗಿಯೇ ಹಿಡಿತಕ್ಕೆ ಬರುತ್ತದೆ.

ಈ ದಳ ಹುಟ್ಟಿದ್ದೇ ಅಕ್ಕಪಕ್ಕದವರು ಬೇಕಾಗಿದ್ದ ಕಾಲದಲ್ಲಿ. 1946ರ ಡಿಸೆಂಬರ್ 6ರಂದು, ಕೋಮುಗಲಭೆಯ ದಿನಗಳಲ್ಲಿ, ಪೊಲೀಸರಿಗೆ ನೆರವಾಗಲೆಂದು ಆಗಿನ ಮುಂಬೈ ಪ್ರಾಂತದಲ್ಲಿ ಇದನ್ನು ಕಟ್ಟಿದರು. ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಕೂಡ ಆಗ ಅದೇ ಪ್ರಾಂತದಲ್ಲಿದ್ದವು. ಇವತ್ತಿಗೂ ಡಿಸೆಂಬರ್ 6 ನಮ್ಮ ಸಂಸ್ಥಾಪನಾ ದಿನ. 1962ರ ಚೀನಾ ಯುದ್ಧದ ಬಳಿಕ, ರಾಜ್ಯಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿದ್ದ ಸ್ವಯಂಸೇವಾ ಪಡೆಗಳನ್ನೆಲ್ಲ ಒಂದೇ ಮಾದರಿಗೆ ತರುವಂತೆ ಕೇಂದ್ರ ಸರ್ಕಾರ ಹೇಳಿತು. ಕರ್ನಾಟಕದ ಗೃಹರಕ್ಷಕ ಕಾಯ್ದೆಯೂ 1962ರದ್ದೇ. 'ನಿಷ್ಕಾಮ ಸೇವೆ' ನಮ್ಮ ಧ್ಯೇಯವಾಕ್ಯ.

ಪೌರರಕ್ಷಣೆ, ಅಂದರೆ ಸಿವಿಲ್ ಡಿಫೆನ್ಸ್, ಇದರ ಅವಳಿ. ಅದಕ್ಕೆ 1968ರ ಕೇಂದ್ರ ಕಾಯ್ದೆ ಇದೆ. ಮೊದಲು ಅದು ವೈಮಾನಿಕ ದಾಳಿಯಿಂದ ಜನರನ್ನು ಉಳಿಸುವ ಲೆಕ್ಕದ್ದಾಗಿತ್ತು. 2009ರ ತಿದ್ದುಪಡಿಯ ನಂತರ ನೆರೆ, ಭೂಕಂಪದಂಥ ವಿಪತ್ತುಗಳೂ ಸೇರಿದವು. 2025ರ ಮೇ 7ರಂದು ದೇಶದ ನಾನಾ ಕಡೆ ಸೈರನ್ ಕೂಗಿಸಿ ಅಣಕು ಕಾರ್ಯಾಚರಣೆ ಮಾಡಿದಾಗ ಎಷ್ಟೋ ಜನರಿಗೆ ಹೀಗೊಂದು ವ್ಯವಸ್ಥೆ ಇದೆ ಅನ್ನುವುದೇ ಮೊದಲ ಸಲ ಗೊತ್ತಾಯಿತು. ಸೈರನ್ ಏರುತ್ತ ಇಳಿಯುತ್ತ ಕೂಗಿದರೆ ಅಪಾಯ, ಒಂದೇ ಸಮನೆ ಕೂಗಿದರೆ ಅಪಾಯ ಕಳೆಯಿತು ಎಂದರ್ಥ. ಇಷ್ಟನ್ನಾದರೂ ಪ್ರತಿ ಮನೆಯ ಮಕ್ಕಳಿಗೆ ಹೇಳಿಕೊಡಿ.

ಪೌರರಕ್ಷಣೆಯಲ್ಲಿ ಹನ್ನೆರಡು ಸೇವೆಗಳಿವೆ. ಬೆಂಕಿ ಆರಿಸುವುದು, ರಕ್ಷಣೆ, ಗಾಯಾಳುಗಳ ಆರೈಕೆ, ಸಂಪರ್ಕ, ಕೊನೆಗೆ ಶವಗಳನ್ನು ಗೌರವದಿಂದ ಸಾಗಿಸುವುದು ಕೂಡ. ನನಗೆ ಇವುಗಳಲ್ಲಿ ಬಹಳ ದೊಡ್ಡದಾಗಿ ಕಾಣುವುದು ವಾರ್ಡನ್ ಸೇವೆ. ವಾರ್ಡನ್ ಅಂದರೆ ತನ್ನ ಬೀದಿಯ ಮನೆಗಳನ್ನು ಬಲ್ಲವನು. ಯಾವ ಮನೆಯಲ್ಲಿ ಎಷ್ಟು ಜನ, ಯಾರು ಹಾಸಿಗೆ ಹಿಡಿದಿದ್ದಾರೆ, ಯಾರಿಗೆ ಕಣ್ಣು ಕಾಣುವುದಿಲ್ಲ, ಎಲ್ಲವೂ ಅವನ ಪುಸ್ತಕದಲ್ಲಿರಬೇಕು. ತರಬೇತಿಯಲ್ಲಿ ಇದನ್ನು ಕೇಳಿದಾಗ ಜನಗಣತಿಯ ಥರ ಬರೀ ಬರವಣಿಗೆ ಕೆಲಸ ಅನ್ನಿಸಿತ್ತು. ಒಂದು ಮಳೆಗಾಲ ಆ ಎಣಿಕೆಯನ್ನು ಬದಲಿಸಿತು.

ಹೊಳೆ ಉಕ್ಕಿ ಕೆಳಗಿನ ಕೇರಿಗೆ ನೀರು ನುಗ್ಗಿದ ರಾತ್ರಿ ಅದು. ಪೊಲೀಸರು ಮೈಕ್ ಹಿಡಿದು ಕೂಗಿ ಕೂಗಿ ಜನರನ್ನು ಮೇಲಿನ ಶಾಲೆಗೆ ಕಳಿಸಿದ್ದರು. ಅಗ್ನಿಶಾಮಕದವರು ದೋಣಿಯಲ್ಲಿ ಒಂದು ಸುತ್ತು ಹಾಕಿ ಬಂದಿದ್ದರು. ಕೇರಿ ಖಾಲಿ ಎಂದೇ ಎಲ್ಲರ ಲೆಕ್ಕ. ಆಗ ನಮ್ಮ ಹಾಲಿನ ಹುಡುಗ ಬಂದು, "ಕೊನೇ ಮನೆ ತಾತ ಎಲ್ಲೂ ಕಾಣ್ತಿಲ್ಲ ಅಣ್ಣಾ, ಅವರಿಗೆ ಕಿವಿ ಕೇಳಲ್ಲ, ಮಾಳಿಗೆ ಮೇಲಿನ ಹಿಂದಿನ ಕೋಣೇಲಿ ಮಲಗ್ತಾರೆ" ಎಂದ. ತಾತ ತಮ್ಮ ಮಗನ ಮನೆಗೆ ಹೋಗಿದ್ದಾರೆಂದು ನೆರೆಯವರು ತಿಳಿದಿದ್ದರು. ಹಿಂದಿನ ಸಂಜೆಯೇ ವಾಪಸ್ ಬಂದಿದ್ದು ಹಾಲು ಹಾಕಿದವನಿಗೆ ಮಾತ್ರ ಗೊತ್ತಿತ್ತು.

ಹೋಗಿ ನೋಡಿದರೆ ತಾತ ಗಾಢ ನಿದ್ದೆಯಲ್ಲಿದ್ದರು. ಹೊರಗಿನ ಮೆಟ್ಟಿಲಿನ ಅರ್ಧ ಕುಸಿದು ಹೋಗಿತ್ತು. ಪರೇಡ್ ಮೈದಾನದಲ್ಲಿ ನೂರು ಸಲ ಹಾಕಿದ ಕುರ್ಚಿ ಗಂಟು ಅವತ್ತು ಕೆಲಸಕ್ಕೆ ಬಂತು. ಹಗ್ಗದ ನಡುವೆ ಎರಡು ಕುಣಿಕೆ, ಒಂದು ಚಿಕ್ಕದು, ಒಂದು ದೊಡ್ಡದು. ಚಿಕ್ಕದು ಕಂಕುಳ ಕೆಳಗೆ ಬೆನ್ನು ಬಳಸಿ, ದೊಡ್ಡದು ಮೊಣಕಾಲಿನ ಹಿಂಭಾಗಕ್ಕೆ. ಎರಡೂ ಜಾರದಂತೆ ಬಿಗಿ. ಹಗ್ಗದ ಒಂದು ತುದಿ ಮೇಲಿನವರ ಕೈಯಲ್ಲಿ, ಇಳಿಸಲಿಕ್ಕೆ. ಇನ್ನೊಂದು ತುದಿ ಕೆಳಗೆ, ದೇಹ ಗೋಡೆಗೆ ಉಜ್ಜದಂತೆ ದೂರಕ್ಕೆ ಎಳೆದು ಹಿಡಿಯಲಿಕ್ಕೆ. ಕೆಳಗಿನ ತುದಿ ಹಿಡಿದು ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದವನು ನಾನು. ಗಾಬರಿಯಾಗಿದ್ದ ತಾತ ಹಾಲಿನ ಹುಡುಗನ ಮುಖ ಟಾರ್ಚ್ ಬೆಳಕಿನಲ್ಲಿ ಕಂಡದ್ದೇ ಸುಮ್ಮನಾದರು. ಇಡೀ ರಾತ್ರಿಯಲ್ಲಿ ಅವರು ಗುರುತು ಹಿಡಿದದ್ದು ಅವನೊಬ್ಬನನ್ನೇ. ಸೊಂಟಕ್ಕೆ ಕೈ ಕೊಟ್ಟು ಕೂರಿಸಿಕೊಂಡಾಗ ದೋಣಿಯಲ್ಲಿದ್ದವರು ನಿಟ್ಟುಸಿರು ಬಿಟ್ಟರು.

ಪೊಲೀಸರು ಅವತ್ತು ಯಾವ ತಪ್ಪನ್ನೂ ಮಾಡಲಿಲ್ಲ. ದೂರದೂರಿನಿಂದ ವರ್ಗವಾಗಿ ಬಂದ ಸಿಬ್ಬಂದಿಗೆ ಯಾವ ಮಾಳಿಗೆಯಲ್ಲಿ ಯಾರು ಮಲಗುತ್ತಾರೆ ಎಂದು ಗೊತ್ತಿರಲು ಸಾಧ್ಯವೂ ಇಲ್ಲ. ಅವರಿಗೆ ಕಾನೂನು ಗೊತ್ತು, ಅಪರಾಧದ ತನಿಖೆ ಗೊತ್ತು. ನಮಗೆ ಊರು ಗೊತ್ತು. "ಯಾಕೆ ಮಾಡ್ತೀರಿ" ಎಂದು ಕೇಳುವವರಿಗೆ ನನ್ನ ಉತ್ತರ ಇದೇ: ಊರು ಗೊತ್ತಿರುವವರಲ್ಲಿ ಯಾರಾದರೂ ಸಮವಸ್ತ್ರದಲ್ಲಿ ಇರಬೇಕು, ಹಗ್ಗ ಕಟ್ಟಲೂ ಕಲಿತಿರಬೇಕು. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಯಾರದ್ದೆಂದು ಮುಖ ನೋಡಿಯೇ ಹೇಳುವವರು, ಜಗಳ ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋಗುವ ಮೊದಲೇ ಇಬ್ಬರನ್ನೂ ಹೆಸರು ಹಿಡಿದು ಕರೆಯಬಲ್ಲವರು ಬಂದೋಬಸ್ತಿನಲ್ಲಿ ಒಬ್ಬಿಬ್ಬರಾದರೂ ಇದ್ದರೆ ಲಾಠಿಗೆ ಕೆಲಸ ಕಡಿಮೆ.

ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ, ಯಾಕೆಂದರೆ 'ನಿಷ್ಕಾಮ' ಎಂಬ ಪದವನ್ನು ಬೇಕಾದ ಹಾಗೆ ಬಳಸುವವರಿದ್ದಾರೆ. ನಮಗೆ ಸಂಬಳವಿಲ್ಲ, ಡ್ಯೂಟಿ ಮಾಡಿದ ದಿನಕ್ಕೆ ಭತ್ಯೆ. ಹಿಮಾಚಲ ಪ್ರದೇಶದ ಗೃಹರಕ್ಷಕರ ಪ್ರಕರಣದಲ್ಲಿ 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸೇವೆ ಖಾಯಂ ಮಾಡಬೇಕೆಂಬ ಕೋರಿಕೆಯನ್ನು ಒಪ್ಪಲಿಲ್ಲ. ಆದರೆ 30 ದಿನದ ಭತ್ಯೆ ಕೂಡಿಸಿದರೆ ಅದು ಆ ರಾಜ್ಯದ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನಕ್ಕೆ ಸಮನಾಗಿರಬೇಕು ಎಂದು ಸ್ಪಷ್ಟವಾಗಿ ಹೇಳಿತು. ನಾನು ಆ ತೀರ್ಪನ್ನು ಮನಸಾರೆ ಒಪ್ಪುತ್ತೇನೆ. ಸ್ವಯಂಸೇವೆ ಎಂದರೆ ನಾನಾಗಿ ಬಂದೆ ಎಂದು ಅರ್ಥ. ಮನೆಯಲ್ಲಿ ಒಲೆ ಉರಿಯುವುದು ಬೇಡ ಎಂದಲ್ಲ. ಒಮ್ಮೆ ಮೂರು ತಿಂಗಳ ಭತ್ಯೆ ಬಾಕಿ ಉಳಿದಾಗ ನಮ್ಮ ಟೈಲರ್ ಹೊಲಿಗೆ ಯಂತ್ರ ಅಡ ಇಟ್ಟು ಮಗಳ ಶಾಲೆಯ ಫೀಸು ಕಟ್ಟಿದರು. ಆ ವಾರವೂ ಅವರು ಪರೇಡ್ ತಪ್ಪಿಸಲಿಲ್ಲ. ಇಂಥ ನಿಷ್ಠೆಯನ್ನು ಹೊಗಳುವ ಮೊದಲು ಅದರ ಬಾಕಿ ತೀರಿಸಬೇಕು.

ಹೆಣ್ಣುಮಕ್ಕಳು ಸೇರಬಹುದಾ ಎಂದು ಕೇಳುವವರೂ ಇದ್ದಾರೆ. ಖಂಡಿತ ಸೇರಬಹುದು. ಮಹಿಳೆಯರ ಸಾಲು, ಮಹಿಳಾ ವಾರ್ಡು, ಹೆರಿಗೆ ನೋವಿನಲ್ಲಿರುವವರನ್ನು ನೆರೆಯಿಂದ ದಾಟಿಸುವ ಕೆಲಸ ಅವರಿಲ್ಲದೆ ನಡೆಯುವುದೇ ಇಲ್ಲ.

ಗೃಹರಕ್ಷಕ ದಳಕ್ಕೆ 18ರಿಂದ 50 ವರ್ಷದೊಳಗಿನವರು ಸೇರಬಹುದು ಎಂಬುದು ದೇಶದ ಸಾಮಾನ್ಯ ನಿಯಮ. ಓದು, ಎತ್ತರ ಇತ್ಯಾದಿ ವಿವರ ಜಿಲ್ಲಾ ಸಮಾದೇಷ್ಟರ (ಕಮಾಂಡೆಂಟ್) ಕಚೇರಿಯಲ್ಲಿ ಸಿಗುತ್ತದೆ. ನಮ್ಮ ಘಟಕದ ಪರೇಡ್ ಭಾನುವಾರ ಬೆಳಿಗ್ಗೆ. ಸೇರುವ ಮೊದಲು ಒಂದೆರಡು ವಾರ ನಿಮ್ಮ ಊರಿನ ಘಟಕದ ಪರೇಡ್ ನೋಡಿ ಬನ್ನಿ, ಮೈದಾನದ ಅಂಚಿನಲ್ಲಿ ನಿಂತರೆ ಯಾರೂ ಏನೂ ಅನ್ನುವುದಿಲ್ಲ. ಕುರ್ಚಿ ಗಂಟು ಕೈಗೆ ಕೂರಲು ನನಗೆ ಮೂರು ವಾರ ಹಿಡಿಯಿತು. ಹಾಲಿನ ಹುಡುಗ ಒಂದೇ ದಿನದಲ್ಲಿ ಕಲಿತ.